ಅವ್ವ ನಡುವಿನಿಂದ ಎದ್ದಳು

ಆಗ ನನಗೆ ನಲವತ್ತು ತುಂಬಿತ್ತೋ ಇನ್ನೂ ತುಂಬಬೇಕಿತ್ತೋ, ಸರಿಯಾಗಿ ಗೊತ್ತಿಲ್ಲ. ನಮ್ಮಲ್ಲಿ ಹೆಣ್ಣು ಹುಟ್ಟಿದ ದಿನವನ್ನು ಯಾರೂ ಗುರುತಿಟ್ಟವರಲ್ಲ. ಈಗ್ಗೆ ಇಪ್ಪತ್ತೈದು ವರ್ಷದ ಮೇಲಾಯಿತು. ಹಡಗಲಿಯಿಂದ ಬರುವ ಬಸ್ಸು ನಮ್ಮೂರ ಅಗಸೆಬಾಗಿಲ ತನಕ ಬಂದು ತಿರುಗಿಕೊಳ್ಳುತ್ತಿತ್ತು, ಕೇರಿಯ ತನಕ ಬರುತ್ತಿರಲಿಲ್ಲ. ನಾನು ಗಂಡನನ್ನು ಬಿಟ್ಟು ಬಂದು ಹುಟ್ಟಿದ ಮನೆಯಲ್ಲೇ ಇದ್ದೆ. ಹೋಗು ಅಂದವರು ಬಹಳ ಮಂದಿ, ಇರು ಅಂದವಳು ಅವ್ವ ಒಬ್ಬಳೇ. ಆ ಮನೆ ನನ್ನನ್ನು ಚಿಕ್ಕವಳಿದ್ದಾಗ ಒಮ್ಮೆ ಬೆಳೆಸಿತು, ನಲವತ್ತರಲ್ಲಿ ಇನ್ನೊಮ್ಮೆ ಬೆಳೆಸಿತು. ಎರಡನ್ನೂ ಕೂಡಿಸಿಯೇ ಹೇಳಬೇಕು, ಬಿಡಿಸಿ ಹೇಳುವುದು ನನಗೆ ಬರುವುದಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು, ಅಕ್ಷರ ಗಟ್ಟಿಯಾದದ್ದು ನಮ್ಮ ಕ್ರೈಸ್ತ ದೇವಾಲಯದ ಭಾನುವಾರದ ಪಾಠದಲ್ಲಿ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮನೆ ಅಂದರೆ ಮಣ್ಣಿನ ಮಾಳಿಗೆಯ ಮೂರು ಅಂಕಣ. ಮುಂದೆ ಪಡಸಾಲೆ, ನಡುವೆ ನಡುಮನೆ, ಹಿಂದೆ ಒಂದು ಕೋಣೆ. ಒಲೆ ನಡುಮನೆಯ ಮೂಲೆಯಲ್ಲಿ, ಅದರ ಮೇಲೆ ಹೊಗೆ ಹೋಗಲು ಮಾಳಿಗೆಯಲ್ಲಿ ಒಂದು ಗವಾಕ್ಷಿ. ಮಳೆ ಬಂದರೆ ಅಪ್ಪ ಮೇಲೆ ಹತ್ತಿ ಗವಾಕ್ಷಿಗೆ ತಗಡು ಮುಚ್ಚುತ್ತಿದ್ದ. ಆಗ ಹೊಗೆ ಒಳಗೇ ಸುತ್ತಿ, ಯಾರೂ ಸಾಯದಿದ್ದರೂ ನಾವೆಲ್ಲ ಕಣ್ಣೀರು ಹಾಕುತ್ತಾ ಉಣ್ಣುತ್ತಿದ್ದೆವು. ಹಿಂದಿನ ಕೋಣೆಗೆ ಹಿತ್ತಲ ಕಡೆ ಒಂದು ಗಿಡ್ಡ ಬಾಗಿಲು. ಅದಕ್ಕೆ ಒಳಗಿನಿಂದ ಅಡ್ಡ ಹಾಕುವ ಜಾಲಿಕಟ್ಟಿಗೆಯ ಅಗಳಿ, ಎರಡೂ ಕೈ ಹಾಕಿ ಎತ್ತಬೇಕು, ಅಷ್ಟು ಭಾರ. ಆ ಅಗಳಿಯ ಮಾತು ಮುಂದೆ ಬರುತ್ತದೆ. ಅಪ್ಪ ಊರ ಗೌಡರ ಮಲ್ಲಿಗೆ ತೋಟಕ್ಕೆ ನೀರು ಕಟ್ಟುತ್ತಿದ್ದ. ಅವ್ವ, ನಾನು, ಕೇರಿಯ ಹೆಂಗಸರೆಲ್ಲ ಬೆಳಕು ಹರಿಯುವ ಮುಂಚೆ ಮೊಗ್ಗು ಬಿಡಿಸಲು ಹೋಗುತ್ತಿದ್ದೆವು. ಬಿಸಿಲು ಏರಿ ಮೊಗ್ಗು ಬಾಯಿ ಬಿಟ್ಟರೆ ಪೇಟೆಯಲ್ಲಿ ಅದನ್ನು ಕೇಳುವವರಿಲ್ಲ. ಊರೆಲ್ಲ ನಾರುತ್ತಿದ್ದದ್ದು ಹೂವಿನ ವಾಸನೆ, ನಮ್ಮ ಮನೆ ನಾರುತ್ತಿದ್ದದ್ದು ಹೊಗೆಯದು. ನಾವು ಬಿಡಿಸಿದವರು, ಮುಡಿದವರಲ್ಲ.

ಸಂಜೆ ಉಣ್ಣುವ ಮುಂಚೆ ಪ್ರಾರ್ಥನೆ. ಪ್ರಾರ್ಥನೆಗೂ ಮುಂಚೆ ಇನ್ನೊಂದು ಕಟ್ಟಳೆ ಇತ್ತು, ಅದು ಅಪ್ಪನದು. ಹಗಲು ಯಾರು ಯಾರು ಜಗಳ ಆಡಿದ್ದರೋ ಅವರು ಎದುರುಬದುರು ಕೂತು, ಒಬ್ಬರ ಎರಡು ಅಂಗೈ ನಡುವೆ ಇನ್ನೊಬ್ಬರು ಅಂಗೈ ಇಟ್ಟು, ಸಮಾಧಾನ ಅನ್ನಬೇಕು. ಅನ್ನದವರಿಗೆ ರೊಟ್ಟಿ ಇಲ್ಲ. ದೇವಾಲಯದಲ್ಲಿ ಪ್ರಭುವಿನ ಮೇಜಿಗೆ ಹೋಗುವ ಮುಂಚೆ ಮಾಡುವುದನ್ನೇ ಅಪ್ಪ ಮನೆಗೆ ತಂದಿದ್ದ. ನನಗೂ ನನ್ನ ಅಣ್ಣ ದಾನಪ್ಪನಿಗೂ ದಿನಾ ಇದು ತಪ್ಪುತ್ತಿರಲಿಲ್ಲ. ಚಿಮಣಿ ದೀಪದ ಮುಂದೆ ಅಣ್ಣ ಸಾಧುವಿನ ಹಾಗೆ ಕಣ್ಣು ಮುಚ್ಚಿಕೊಂಡು ನನ್ನ ಅಂಗೈಗೆ ಉಗುರು ಒತ್ತುತ್ತಿದ್ದ.

“ಆತೇನ್ಲೇ ಸಮಾಧಾನ?” ಅಂತ ಅಪ್ಪ ಕೇಳುತ್ತಿದ್ದ.

“ಆತಪ್ಪ,” ಅಂತ ಅಣ್ಣ.

“ನಿಂದೇನವ್ವ?”

“ಅವ ಉಗುರು ಚುಚ್ಚಾಕತ್ಯಾನ.”

“ಕೈ ಕೊಟ್ಟೀಯಿಲ್ಲ? ಮುಗೀತು. ಕಣ್ಣು ಮುಚ್ಚು.”

ನಾನು ಕೈ ಕಿತ್ತುಕೊಂಡು ಎದ್ದು ಹೋಗುತ್ತಿದ್ದೆ. ಸಮಾಧಾನ ಅಂದ ಅಣ್ಣ ಎರಡು ರೊಟ್ಟಿ ತಿಂದು ಮಲಗುತ್ತಿದ್ದ, ಉಗುರಿನ ಗುರುತು ಇಟ್ಟುಕೊಂಡ ನಾನು ಉಪವಾಸ ಮಲಗುತ್ತಿದ್ದೆ. ಅವ್ವ ಸೆರಗಿನಲ್ಲಿ ಮುಚ್ಚಿ ತಂದು ತಿನ್ನಿಸುವ ತಾಯಿಯಲ್ಲ. “ಉಪಾಸ ಬಿದ್ರ ನಿನ್ನ ಹೊಟ್ಟಿ, ನಂದಲ್ಲ,” ಅನ್ನುವವಳು. ಬೆಳಿಗ್ಗೆ ತೋಟದ ಬದುವಿನ ಮೇಲೆ ಒಣ ರೊಟ್ಟಿ, ಕೆಂಪು ಖಾರ ಕೊಡುತ್ತಿದ್ದಳು, ಮಾತಿಲ್ಲದೆ. ಒಮ್ಮೆ ಮಾತ್ರ ನನ್ನ ಅಂಗೈ ಹೊರಳಿಸಿ ನೋಡಿ, “ಸುಳ್ಳು ಕೈ ಕೊಡೋಕಿಂತ ಹಸಿಯೋದು ಬೇಸಿ ಬಿಡು,” ಅಂದಳು. ಅಷ್ಟು ಸಾಕಾಯಿತು ನನಗೆ. ಆಮೇಲೆ ಜೀವಮಾನವೆಲ್ಲ ಹಸಿದವಳ ಹಟವೇ ನನ್ನದು. ಜನ ಗಯ್ಯಾಳಿ ಅಂದರು. ಅನ್ನಲಿ.

ಮದುವೆ ಮಾಡಿ ಹರಪನಹಳ್ಳಿ ಆಚೆಗೆ ಕೊಟ್ಟರು. ಗಂಡ ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಇದರಲ್ಲಿ ಬರೆಯುವಂಥದ್ದು ಹೊಸದೇನೂ ಇಲ್ಲ. ಮಕ್ಕಳಾಗಲಿಲ್ಲ. ಬಂದೆ, ಕಳಿಸಿದರು, ಮತ್ತೆ ಬಂದೆ. ಬಂದಾಗಲೆಲ್ಲ ನಮ್ಮ ಸಭೆಯ ಹಿರಿಯರು ಸಮುವೇಲಪ್ಪನವರು ಪಡಸಾಲೆಗೆ ಬಂದು ಕೂರುವರು. ಗಂಡನನ್ನು ಕರೆಸಿ, ಚಹಾ ಕುಡಿಸಿ, ಇಬ್ಬರಿಗೂ ಕೈ ಕೈ ಕೂಡಿಸುವರು.

“ಗಂಡ ಹೆಂಡ್ತಿ ಅಂದಮ್ಯಾಲೆ ಮಾತು ಬರ್ತಾವ, ಹೋಗ್ತಾವ. ನಾವು ಕ್ರಿಸ್ತನ ಮಕ್ಳು, ಸಮಾಧಾನದಿಂದ ಇರಬೇಕವ್ವ.”

“ಬರಾವು ಮಾತಲ್ರಿ, ಹೊಡ್ತ,” ಅಂದೆ ನಾನು.

“ಅದನ್ನ ಪ್ರಾರ್ಥನಿಯೊಳಗ ಇಡು.”

ಇಟ್ಟೆ. ಅದು ಅಲ್ಲಿ ಇತ್ತು, ಹೊಡೆತ ಇಲ್ಲಿ ಬರುತ್ತಲೇ ಇತ್ತು. ಕೊನೆಗೆ ಒಂದು ಸಲ ಬಂದವಳು ಹೋಗಲಿಲ್ಲ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ. ಅಣ್ಣನಿಗೆ ಮದುವೆಯಾಗಿ ನಾಲ್ಕು ಮಕ್ಕಳು. ಅವನ ಹೆಂಡತಿ ಸುಂದರಮ್ಮ, ನನಗೆ ಅತ್ತಿಗೆ. ಅವಳ ತವರು ಉಚ್ಚಂಗಿದುರ್ಗದ ಕಡೆ, ನನ್ನ ಗಂಡನ ಊರಿನ ಪಕ್ಕದ ಊರು. ಹಿಂದಿನ ಕೋಣೆಯನ್ನು ಅವ್ವ ನನಗೆ ಕೊಟ್ಟುಬಿಟ್ಟಳು. “ಬಾಗಿಲು ಇರೋ ಕ್ವಾಣಿ ಆಕಿಗಿರ್ಲಿ, ಆಕಿಗೆ ಅಂಜಿಕಿ ಐತಿ,” ಅಂದಳು. ಹಾಗಾಗಿ ಅಣ್ಣ, ಅತ್ತಿಗೆ, ನಾಲ್ಕು ಮಕ್ಕಳು ಎಲ್ಲರೂ ಪಡಸಾಲೆಯಲ್ಲಿ ಮಲಗುವರು. ಅತ್ತಿಗೆಯ ಸಿಟ್ಟು ಸುಳ್ಳಲ್ಲ, ಅದನ್ನು ನಾನು ಅವತ್ತೂ ಬಲ್ಲೆ. ಗಂಡನ ಸಂಗಡ ಒಂದು ಮಾತಾಡಬೇಕೆಂದರೂ ಅವಳು ಮಕ್ಕಳು ನಿದ್ದೆ ಹೋಗುವುದನ್ನು ಕಾಯಬೇಕಿತ್ತು.

ಒಂದು ಸಲ ಅತ್ತಿಗೆ ತವರಿಗೆ ಹೋಗಿ ಬಂದಳು. ಬಂದು ಸ್ವಲ್ಪ ದಿನಕ್ಕೆ ನನಗೆ ಜ್ವರ, ಎರಡು ದಿನವಾದರೂ ಬಿಡಲಿಲ್ಲ. ಮಲ್ಲಿಗೆಯ ಸುಗ್ಗಿ ಕಾಲ, ಮನೆಯವರೆಲ್ಲ ಮಕ್ಕಳ ಸಮೇತ ತೋಟಕ್ಕೆ ಹೋಗಿದ್ದರು, ನಾನೊಬ್ಬಳು ಹಿಂದಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ರಾತ್ರಿ ಮಲಗುವಾಗ ಅಗಳಿ ನಾನೇ ಹಾಕಿದ್ದೆ. ಕಣ್ಣು ಬಿಟ್ಟರೆ ಹಿತ್ತಲ ಬಾಗಿಲು ತೆರೆದಿದೆ, ಗಂಡ ಎದುರಿಗೆ ನಿಂತಿದ್ದಾನೆ, ಅಗಳಿ ಒಳಗಡೆ ಗೋಡೆಗೆ ಆನಿಸಿ ಇಟ್ಟಿದೆ. ಅವನು ಕೂದಲು ಹಿಡಿದು ಎಳೆದ. ನಾನು ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಬಿಡಲಿಲ್ಲವೆಂದು ಅದೇ ಅಗಳಿ ತೆಗೆದುಕೊಂಡು ಮಣಿಕಟ್ಟಿನ ಮೇಲೆ ಹಾಕಿದ. ನನ್ನ ಕೂಗು ಕೇಳಿ ಕೇರಿಯ ಜನ ಬರುವಷ್ಟರಲ್ಲಿ ಬೇಲಿ ಹಾರಿ ಹೋದ. ಆಮೇಲೆ ಅವನು ಬರಲಿಲ್ಲ, ಬೇರೆ ಒಬ್ಬಳನ್ನು ಕಟ್ಟಿಕೊಂಡ. ಕೈಗೆ ಪಕ್ಕದೂರಿನ ಒಬ್ಬ ಕಟ್ಟು ಕಟ್ಟಿದ. ಎಲುಬು ಸೊಟ್ಟಗೆ ಕೂಡಿತು. ಇವತ್ತಿಗೂ ಎಡ ಅಂಗೈ ಪೂರಾ ಮೇಲಕ್ಕೆ ಹೊರಳುವುದಿಲ್ಲ. ಮೊಗ್ಗು ಬಿಡಿಸುವಾಗ ಅದು ಗಿಡ ಬಗ್ಗಿಸುತ್ತದೆ, ಬಲಗೈ ಬಿಡಿಸುತ್ತದೆ.

ಆ ಬೆಳಿಗ್ಗೆ ತೋಟಕ್ಕೆ ಹೋಗುವ ಮುಂಚೆ ನನ್ನ ಕೋಣೆ ಹಾಯ್ದು ಹಿತ್ತಲಿಗೆ ಹೋಗಿ ಬಂದವಳು ಅತ್ತಿಗೆ ಒಬ್ಬಳೇ. ಕೇಳಿದೆ.

“ಗಾಳಿಗೆ ಬಿದ್ದಿರಬೇಕು,” ಅಂದಳು.

“ಗಾಳಿಗೆ ಬಿದ್ದದ್ದು ಗ್ವಾಡಿಗೆ ಆನಿಕ್ಯಂಡು ನಿಂದ್ರತೈತೇನು?”

“ನನಗೇನು ಗೊತ್ತು? ನಾ ಹಾಕ್ದೆ ಅಂದ್ಕಂಡೆ.”

ಅಷ್ಟೇ. ಅದಾದ ಮೇಲೆ ಮೂರ್ನಾಲ್ಕು ವರ್ಷ ನಾವಿಬ್ಬರೂ ಒಂದೇ ಒಲೆಯ ಮುಂದೆ ಕೂತು ಒಂದು ಮಾತೂ ಆಡಲಿಲ್ಲ. ಮಾತಿಲ್ಲದೆ ಸಂಸಾರ ನಡೆಯುವುದಿಲ್ಲವಲ್ಲ, ಅದಕ್ಕೆ ಅವ್ವ ಇದ್ದಳು. ಅವಳು ಮಲಗುವ ಹೊರಸು ನಡುಮನೆಯಲ್ಲಿ, ನನ್ನ ಕೋಣೆಗೂ ಅವರ ಪಡಸಾಲೆಗೂ ನಡುವೆ. ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿದ್ದರೂ ನಮ್ಮ ಮಾತು ಆ ಹೊರಸಿಗೆ ಹೋಗಿಯೇ ಬರಬೇಕು.

“ಅವ್ವ, ಸಾರಿಗೆ ಉಪ್ಪು ಹೆಚ್ಚಾಗೇತಿ ಅಂತ ಆಕಿಗೆ ಹೇಳು.”

“ಸುಂದ್ರಿ, ಉಪ್ಪು ಹೆಚ್ಚಾಗೇತಂತ.”

“ನಾಲಿಗಿ ಕೆಟ್ಟೋರಿಗೆ ಹಂಗ ಅನಸತೈತಿ ಅಂತ ಹೇಳ್ರಿ ಅತ್ತಿ.”

“ನಿನ್ನ ನಾಲಿಗಿ ಕೆಟ್ಟೈತಂತ.”

“ಆಕಿ ಮಾಡಿದ್ದು ತಿಂದೇ ಕೆಟ್ಟದ್ದು ಅನ್ನು.”

“ನೀನ ಅನ್ನು. ಆಕಿಗೆ ಕಿವಿ ಅದಾವ.”

ನಾನು ಅನ್ನುತ್ತಿರಲಿಲ್ಲ. ಅಣ್ಣ ತಾಟಿನಿಂದ ತಲೆ ಎತ್ತುತ್ತಿರಲಿಲ್ಲ; ನಮ್ಮ ಈ ಮಾತಿನ ಸಾಲು ಶುರುವಾದರೆ, “ನಿಮ್ಮ ಹೆಂಗಸರ ಪಂಚಾಯ್ತಿ ನನಗ ಬ್ಯಾಡ,” ಅಂದು ಎದ್ದು ದೇವಾಲಯದ ಮೆಟ್ಟಿಲ ಮೇಲೆ ಹೋಗಿ ಬೀಡಿ ಹಚ್ಚುತ್ತಿದ್ದ. ಅವ್ವ ಮೊದಮೊದಲು ಮಾತಿನ ಮುಳ್ಳು ಮುರಿದು ಆಚೆ ದಾಟಿಸುತ್ತಿದ್ದಳು. ಆಮೇಲೆ ಅವಳಿಗೂ ಸಾಕಾಗಿ ಮುಳ್ಳು ಸಮೇತ ದಾಟಿಸಿದಳು. ಆಮೇಲೆ ಮಲಗಿದಲ್ಲೇ ಕಣ್ಣು ಮುಚ್ಚಿ, ಬೇಡಿದರೂ ಬೇಡದಿದ್ದರೂ ಎರಡು ಕಡೆಯ ಮಾತೂ ಅವಳೇ ಗೊಣಗುತ್ತಿದ್ದಳು. ಒಣ ಕೆಮ್ಮು ಹತ್ತಿತ್ತು. ಹೊರಗಿನವರಿಗೆ ಇದಾವುದೂ ಕಾಣದು. ಬೇರೆ ಮನೆಗಳಲ್ಲಿ ನಾದಿನಿ ಅತ್ತಿಗೆ ಜಡೆ ಹಿಡಿದು ಬೀದಿಗೆ ಬರುವಾಗ ನಮ್ಮ ಮನೆಯಿಂದ ಸೊಲ್ಲೇ ಇಲ್ಲ. “ಕೇರಿಯಾಗ ಸಮಾಧಾನದ ಮನಿ ಅಂದ್ರ ದಾನಪ್ಪಂದು ನೋಡ್ರಿ,” ಅಂತ ಸಮುವೇಲಪ್ಪನವರು ಪ್ರಾರ್ಥನೆಯಲ್ಲಿ ನಮ್ಮ ಮನೆಯನ್ನು ಹೆಸರಿಟ್ಟು ಹೊಗಳಿದರು. ನನಗೆ ಮಾತ್ರ ಆ ವರ್ಷಗಳಲ್ಲಿ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಗುಡಿಸುವೆ. ತುಂಬಿದ ಕೊಡ ಚೆಲ್ಲಿ ಮತ್ತೆ ಬೋರಿಗೆ ಹೋಗುವೆ. ಉಣ್ಣುತ್ತಾ ಉಣ್ಣುತ್ತಾ ಎದ್ದು ಹೋಗಿ ಅಗಳಿ ಮುಟ್ಟಿ ನೋಡಿ ಬರುವೆ. ಮಲಗಿದರೂ ಒಂದು ಕೈ ಅದರ ಮೇಲೆ.

ನಮ್ಮ ದೇವಾಲಯದ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದೇನು ದೊಡ್ಡದಲ್ಲ, ಹೆಂಚಿನ ಒಂದೇ ಕೋಣೆ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಚಾಪೆಯ ಮೇಲೆ. ತಿಂಗಳಿಗೊಮ್ಮೆ ಹಡಗಲಿಯಿಂದ ಪಾದ್ರಿ ಅಯ್ಯನವರು ಬಂದು ಪ್ರಭು ಭೋಜನ ಕೊಡುತ್ತಾರೆ. ಮೇಜಿನ ಮೇಲೆ ಬಿಳಿ ಬಟ್ಟೆ ಮುಚ್ಚಿದ ರೊಟ್ಟಿ, ದ್ರಾಕ್ಷಿ ರಸ. ಬಟ್ಟೆ ತೆಗೆಯುವ ಮುಂಚೆ ಅಯ್ಯನವರು ಎರಡೂ ಕಡೆಯ ಮೊದಲನೆಯವರಿಗೆ ಕೈಯಲ್ಲಿ ಕೈಯಿಟ್ಟು ಸಮಾಧಾನ ಕೊಡುತ್ತಾರೆ. ಮೊದಲನೆಯವರು ಪಕ್ಕದವರಿಗೆ, ಪಕ್ಕದವರು ಅವರ ಪಕ್ಕದವರಿಗೆ, ಹೀಗೆ ಕೈಯಿಂದ ಕೈಗೆ ಹೋಗಿ ಬಾಗಿಲ ಬಳಿ ಕೂತ ಕೊನೆಯವರಿಗೆ ಮುಟ್ಟಬೇಕು. ಮುಟ್ಟಿದ ಮೇಲೆ ಆ ಕೊನೆಯವರು “ಬಂತು” ಅನ್ನಬೇಕು. ಎರಡು ಕಡೆಯಿಂದಲೂ ಬಂತು ಅಂದ ಮೇಲೆಯೇ ಬಟ್ಟೆ ತೆಗೆಯುವುದು. ಹಿಂದಿನವರು ಬಹಳ ಯೋಚನೆ ಮಾಡಿ ಇಟ್ಟ ಪದ್ಧತಿ. ಅದಕ್ಕೆ ನಮ್ಮ ಜನ ಅಷ್ಟೇ ಯೋಚನೆ ಮಾಡಿ ಒಂದು ದಾರಿ ಕಂಡುಕೊಂಡಿದ್ದರು: ಜಗಳ ಇದ್ದವರು ನಡುವೆ ಒಬ್ಬರನ್ನು ಕೂರಿಸಿಕೊಳ್ಳುವುದು. ಒಳಗೆ ಬರುವಾಗಲೇ ಒಬ್ಬರನ್ನೊಬ್ಬರು ನೋಡಿಕೊಂಡು, ಯಾರ ಪಕ್ಕ ಯಾರು ಅಂತ ಲೆಕ್ಕ ಹಾಕಿ ಕೂರುವರು. ಯಾರ ಯಾರ ನಡುವೆ ಯಾರು ಕೂತಿದ್ದಾರೆ ಎಂದು ನೋಡಿದರೆ ಸಾಕು, ಕೇರಿಯ ಜಗಳವೆಲ್ಲ ಗೊತ್ತಾಗುತ್ತಿತ್ತು. ನನಗೂ ಅತ್ತಿಗೆಗೂ ನಡುವೆ ಅವ್ವ. ಅತ್ತಿಗೆ ಅವ್ವನಿಗೆ ಕೊಡುವಳು, ಅವ್ವ ನನಗೆ ಕೊಡುವಳು, ನಾನು ಮುಂದಿನವಳಿಗೆ ಕೊಡುವೆ. ಯಾರ ಕೈಗೂ ಸುಳ್ಳು ತಾಗಲಿಲ್ಲ ಅಂದುಕೊಂಡು ರೊಟ್ಟಿ ತಿಂದು ಬರುತ್ತಿದ್ದೆವು.

ಆ ಮೇಜಿನ ರೊಟ್ಟಿಯೂ ಅಜ್ಜಿಯ ಕಾಲದಿಂದ ನಮ್ಮ ಮನೆಯದೇ. ಗೋಧಿ ಹಿಟ್ಟಿನದು, ಉಪ್ಪಿಲ್ಲದ್ದು. ಅವ್ವ ಭಾನುವಾರ ಬೆಳಿಗ್ಗೆ ಮಿಂದು ಬಂದು ಸುಡುತ್ತಿದ್ದಳು. ಒಂದು ಶನಿವಾರ ಅಯ್ಯನವರು ಬಂದರು. ಹೊಸಬರು, ಇನ್ನೂ ಮೀಸೆ ದಪ್ಪಗಾಗದ ವಯಸ್ಸು, ಮನೆಮನೆಗೆ ಹೋಗಿ ನಾಳೆ ಬನ್ನಿ ಅಂತ ಹೇಳುವವರು. ನಾನು ನೀರು ಕೊಟ್ಟೆ. ಅತ್ತಿಗೆ ಒಲೆಯ ಮುಂದೆ ಇದ್ದಳು. ಅವ್ವ ಹೊರಸಿನ ಮೇಲೆ ಎದ್ದು ಕೂತಳು.

“ಅಯ್ನೋರ, ಈ ಸಲ ಪ್ಯಾಟಿ ಬ್ರೆಡ್ಡು ತರ್ರಿ. ನಮ್ಮ ಮನಿ ರೊಟ್ಟಿ ಬ್ಯಾಡ.”

“ಯಾಕಮ್ಮ, ಹಿಟ್ಟಿಲ್ಲೇನು?”

“ಹಿಟ್ಟೈತ್ರಿ. ಮನಿ ಇಲ್ಲ.”

ಅಯ್ಯನವರು ನನ್ನ ಮುಖ ನೋಡಿದರು, ಅತ್ತಿಗೆಯ ಬೆನ್ನು ನೋಡಿದರು, ನೀರು ಕುಡಿದು ಹೋದರು. ನನಗೆ ಮೈಯೆಲ್ಲ ಉರಿಯಿತು.

“ಏನವ್ವ, ಜನ ಏನಂದಾರು? ಅಜ್ಜಿ ಕಾಲದಿಂದ ಬಂದದ್ದು.”

“ಜನ ಏನರ ಅನ್ಲಿ. ನಾಳೆ ನಾ ನಿಮ್ಮ ನಡುವ ಕೂಡಂಗಿಲ್ಲ. ಬಾಕ್ಲಾಗ ಕೂಡ್ತೀನಿ, ಎಲ್ಲಾರ ಕಡೀಕ. ನನ್ನ ತನಕ ಬಂದ್ರ ಬಂತು ಅಂತೀನಿ, ಬರದಿದ್ರ ಅನ್ನಂಗಿಲ್ಲ.”

“ನೀ ಅನ್ನದಿದ್ರ ಯಾರಿಗೂ ಭೋಜನ ಇಲ್ಲ.”

“ಇಲ್ಲ. ನನಗೂ ಇಲ್ಲ. ಈ ಕೆಮ್ಮಿನಾಗ ಮುಂದಿನ ತಿಂಗಳ ಇರ್ತೀನೋ ಇಲ್ಲೋ, ಹಂಗ ಸಾಯ್ತೀನಿ, ಬಿಡು.”

“ನನ್ನ ಕೈ ಮುರಿದದ್ದು ನೋಡಿನೂ ನನಗ ಹೇಳ್ತೀಯಲ್ಲ. ಆಕಿಗೆ ಹೇಳು.”

“ಇಬ್ರಿಗೂ ಹೇಳಾಕತ್ತೀನಿ, ಅದಕ್ಕ ಜೋರು ಹೇಳಾಕತ್ತೀನಿ.” ಅವ್ವ ಕೆಮ್ಮಿ, ಉಸಿರು ತೆಗೆದುಕೊಂಡಳು. “ನಿಮ್ಮ ಸಿಟ್ಟೆಲ್ಲ ನನ್ನ ಬೆನ್ನ ಮ್ಯಾಲೆ ಹೇರಿ ನೀವು ಇಬ್ರೂ ಹಗುರಾಗೀರಿ. ಮನಿ ಸುಮ್ಮನೈತಿ ಅಂದ್ರ ನಾ ಸವದೀನಿ ಅಂತ. ನಡುವ ನಿಂತು ಎರಡೂ ಕಡಿ ಹೊಡ್ತ ತಿಂದಾತ ಒಬ್ಬಾತ ಅದಾನ, ಆತನ್ನ ಶಿಲುಬಿಗೆ ಹಾಕಿದ್ರು. ಆತನ ಕೆಲ್ಸ ನನಗ ಹಚ್ಚಬ್ಯಾಡ್ರಿ. ನಾ ಮುದಿಕಿ.”

ಒಲೆಯ ಮುಂದೆ ಅತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಹಂಚಿನ ಮೇಲಿನದು ಕರಕಾಗುವ ವಾಸನೆ ಬಂತು. ಯಾರೂ ಅದನ್ನು ತೆಗೆಯಲಿಲ್ಲ.

ಭಾನುವಾರ ಅವ್ವ ಹೇಳಿದ ಹಾಗೆಯೇ ಮಾಡಿದಳು. ಕೋಲೂರಿಕೊಂಡು ಬಂದು ಚಪ್ಪಲಿಗಳ ಪಕ್ಕ ಬಾಗಿಲಲ್ಲಿ ಕೂತಳು. ನಾನೂ ಅತ್ತಿಗೆಯೂ ಅಭ್ಯಾಸಬಲದಿಂದ ನಮ್ಮ ನಮ್ಮ ಜಾಗದಲ್ಲೇ ಕೂತೆವು, ನಡುವೆ ಅವ್ವನಷ್ಟು ಜಾಗ ಖಾಲಿ. ಬೇರೆ ಯಾರಾದರೂ ಬಂದು ಅಲ್ಲಿ ಕೂತಾರೆಂದು ನಾನು ಕಾದೆ. ಅತ್ತಿಗೆಯೂ ಕಾದಿರಬೇಕು. ಇಡೀ ಸಭೆಗೆ ವಿಷಯ ಗೊತ್ತಿತ್ತು, ಯಾರೂ ಬರಲಿಲ್ಲ. ಹಾಡು ಮುಗಿಯಿತು, ಪ್ರಸಂಗ ಮುಗಿಯಿತು, ಒಂದು ಅಕ್ಷರವೂ ನನ್ನ ತಲೆಗೆ ಹೋಗಲಿಲ್ಲ. ಕಾಲು ಮಡಿಸುವುದು, ಚಾಚುವುದು, ಸೆರಗು ಎಳೆಯುವುದು ಇದೇ ಆಯಿತು. ಅಯ್ಯನವರು ಮೊದಲನೆಯವಳ ಕೈ ಹಿಡಿದರು. ಸಮಾಧಾನ, ಸಮಾಧಾನ ಅಂತ ಅದು ಸಾಲಿನಲ್ಲಿ ಬರತೊಡಗಿತು, ಬೇಲಿಗೆ ಬೆಂಕಿ ಹತ್ತಿಕೊಂಡು ಬಂದ ಹಾಗೆ. ಗಂಡಸರ ಕಡೆ ಕೊನೆಯವನು “ಬಂತು” ಅಂದ. ನಮ್ಮ ಕಡೆ ಅತ್ತಿಗೆಗೆ ಬಂತು. ಅವಳು ಖಾಲಿ ಜಾಗದ ಕಡೆ ತಿರುಗಿ, ನನ್ನ ಮುಖ ನೋಡದೆ, ಜೋಡಿಸಿದ ಕೈ ಚಾಚಿದಳು. ನಾನು ನನ್ನ ಕೈಗಳನ್ನು ಸೆರಗಿನ ಒಳಗೆ ಇಟ್ಟುಕೊಂಡೆ.

ಹೊರಗಿನಿಂದ ಒಂದು ಕೋಳಿ ಒಳಗೆ ಬಂದು, ಚಪ್ಪಲಿ ಕುಕ್ಕಿ ನಿಂತಿತು. ಮಕ್ಕಳು ಕಿಸಕ್ಕೆಂದರು. ಸಮುವೇಲಪ್ಪನವರು ಗಂಟಲು ಸರಿಮಾಡಿಕೊಂಡರು.

“ಏನವ್ವ ರಾಹೇಲಿ, ಹೊತ್ತಾಗಾಕತ್ತೈತಿ. ಕೈ ಕೊಡು, ಮುಗಿಸು.”

“ನೀವು ಮಾಡಿಸಿದ ಸಮಾಧಾನ ಇನ್ನೂ ನನ್ನ ಕೈಯಾಗೈತ್ರಿ. ನೋಡ್ತೀರೇನು?” ಅಂದು ಸೊಟ್ಟ ಮಣಿಕಟ್ಟು ಹೊರಗೆ ತೆಗೆದು ತೋರಿಸಿದೆ.

ಅವರು ತೋರಿಸಿದ್ದನ್ನು ನೋಡಲಿಲ್ಲ. “ಹಂಗಾದ್ರ ಆಕಿನ್ನ ಬಿಟ್ಟು ಮುಂದಿನಾಕಿಗೆ ಕೊಡು ಸುಂದ್ರಮ್ಮ,” ಅಂದರು.

ಬಾಗಿಲಿನಿಂದ ಅವ್ವನ ದನಿ ಬಂತು. “ಒಬ್ಬಾಕಿನ್ನ ಬಿಟ್ಟು ಬಂದದ್ದು ನನಗ ಬ್ಯಾಡ. ನಾ ಬಂತು ಅನ್ನಂಗಿಲ್ಲ.”

ಸಭೆ ಗುಜುಗುಜು ಅಂದಿತು. ಅಯ್ಯನವರು ಏನಾದರೂ ಉಪದೇಶ ಮಾಡುತ್ತಾರೆ, ಎದ್ದು ಹೋಗಿಬಿಡೋಣ ಅಂತ ನಾನು ಕಾಲು ಎಳೆದುಕೊಂಡೆ. ಅವರು ಮೇಜಿನ ಮುಂದೆ ನೆಲದ ಮೇಲೆ, ಬಿಳಿ ನಿಲುವಂಗಿ ಮುದುರಿಕೊಂಡು ಕೂತುಬಿಟ್ಟರು.

“ಕೂಡ್ರಿ ಸಮುವೇಲಪ್ಪನೋರ. ಕಾಯೋಣು,” ಅಂದರು.

ಆಗ ನಾನು ಅತ್ತಿಗೆಯ ಕಡೆ ತಿರುಗಿದೆ. ಇಷ್ಟು ವರ್ಷಕ್ಕೆ ನೇರ ಆಡಿದ ಮೊದಲ ಮಾತು.

“ಅತ್ತಿಗಿ, ಅಗಳಿ ಯಾರು ತೆಗೆದ್ರು?”

ಅವಳು ಚಾಚಿದ ಕೈ ಚಾಚಿದಂತೆಯೇ ಇತ್ತು. ಗಂಡಸರ ಕಡೆಯಿಂದ ಅಣ್ಣ ಎದ್ದು ನಿಂತ.

“ರಾಹೇಲಿ, ಮನಿ ಮಾತು ಮನಿಯಾಗ ಆಡಾನು.”

“ಮನಿಯಾಗ ಆಡಿದ್ರ ನೀ ಎದ್ದು ಹೋಗ್ತಿ ಅಣ್ಣ. ಇಲ್ಲಿ ಮೆಟ್ಲಿಗೆ ಹೋಗೋ ಬಾಕ್ಲಾಗ ಅವ್ವ ಕುಂತಾಳ. ಕೂಡು.”

ಯಾರೋ ನಕ್ಕರು. ಅಣ್ಣ ಕೂತ. ನಾನು ಮತ್ತೆ ಕೇಳಿದೆ. “ಗಾಳಿ ಅಂತ ಮಾತ್ರ ಅನ್ನಬ್ಯಾಡ. ಅಂದ್ರ ನಾ ಇಲ್ಲಿಂದ ಎದ್ದು ಹೋಗ್ತೀನಿ, ಈ ಮೇಜಿಗೆ ಮತ್ತ ಬರಂಗಿಲ್ಲ.”

ಅತ್ತಿಗೆ ಬಾಗಿಲ ಕಡೆ ನೋಡಿದಳು, ಅವ್ವನನ್ನು. ಅವ್ವ ಅವಳಿಗೆ ಏನೂ ದಾಟಿಸಲಿಲ್ಲ. ಆಮೇಲೆ ನನ್ನ ಮುಖ ನೋಡಿದಳು.

“ನಾನ ತೆಗೆದೆ,” ಅಂದಳು. “ತವರಿಗೆ ಹೋದಾಗ ನಾನ ಹೇಳಿ ಬಂದಿದ್ದೆ, ಕರಕೊಂಡು ಹೋಗು ಅಂತ. ನಿನಗ ಜ್ವರ ಬಂದ ದಿನ ಹೇಳಿ ಕಳಿಸಿದಾಕಿನೂ ನಾನ. ನಾಕು ಮಕ್ಳನ್ನ ಪಡಸಾಲ್ಯಾಗ ಮೆಣಸಿನಕಾಯಿ ಹರವಿದಂಗ ಹರವಿ ಮಲಗಿಸಿ ಸಾಕಾಗಿತ್ತು ನನಗ. ಕ್ವಾಣಿ ಬೇಕಾಗಿತ್ತು. ಗಂಡ ಹೆಂಡ್ತಿ ಸಮಾಧಾನ ಮಾಡಿಸಿದೆ ಅಂತ ಎಲ್ರೂ ಬೇಸಿ ಅಂತಾರ ಅಂದ್ಕಂಡಿದ್ದೆ. ಅವ ಹೊಡೀತಾನ ಅಂತ ಗೊತ್ತಿತ್ತು. ಕೈ ಮುರೀತಾನ ಅಂತ ಗೊತ್ತಿರಲಿಲ್ಲ.”

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಎದ್ದು ಹೋಗುತ್ತಿದ್ದೆ. ತಪ್ಪಾತು ಅಂತಲೂ ಅನ್ನಲಿಲ್ಲ, ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ. ವರ್ಷಗಟ್ಟಲೆ ನಾನು ಹೊತ್ತದ್ದು ಹಗುರವಾಯಿತೆಂದು ಹೇಳಿದರೆ ಸುಳ್ಳು. ಅದು ಅಲ್ಲೇ ಇತ್ತು. ಆದರೆ ಅದಕ್ಕೊಂದು ಹೆಸರು ಬಂದಿತ್ತು, ಹುಚ್ಚಿ ಇಲ್ಲದ್ದನ್ನು ಕಲ್ಪಿಸಿಕೊಂಡಳು ಅಂತ ಇನ್ನು ಯಾರೂ ಅನ್ನುವಂತಿರಲಿಲ್ಲ. ಸೆರಗಿನಿಂದ ಎರಡೂ ಕೈ ತೆಗೆದು ಅವಳ ಅಂಗೈಗಳ ನಡುವೆ ಇಟ್ಟೆ. ಸೊಟ್ಟ ಕೈ ಸರಿಯಾಗಿ ಕೂರಲಿಲ್ಲ. ಅವಳೇ ತನ್ನ ಕೈ ಓರೆ ಮಾಡಿ, ಹೊರಳಿಸಿ, ಅದು ಹಿಡಿಸುವ ಹಾಗೆ ಮಾಡಿಕೊಳ್ಳಬೇಕಾಯಿತು.

“ನೋಯತೈತೇನು?” ಅಂದಳು ಸಣ್ಣಗೆ.

“ಮಳಿಗಾಲದಾಗ.”

“ಸಮಾಧಾನ,” ಅಂದಳು.

ಉಗುರು ಚುಚ್ಚೀತೇನೋ ಎಂದು ಕಾದೆ. ಚುಚ್ಚಲಿಲ್ಲ. ಚುಚ್ಚುವ ಮನಸ್ಸು ನನಗಿತ್ತು, ಉಗುರೂ ಇತ್ತು. ನಾನೂ ಚುಚ್ಚಲಿಲ್ಲ. “ಸಮಾಧಾನ,” ಅಂದು ಕೈ ಬಿಡಿಸಿಕೊಂಡು ಮುಂದಿನವಳಿಗೆ ಕೊಟ್ಟೆ. ಅಲ್ಲಿಂದ ಅದು ಹೋಗಿ ಅವ್ವನ ಕೈ ಮುಟ್ಟಿತು. ಅವ್ವ ಎಷ್ಟು ಜೋರಾಗಿ “ಬಂತು” ಅಂದಳೆಂದರೆ ಕೋಳಿ ಹಾರಿ ಹೊರಗೆ ಓಡಿತು. ಅಯ್ಯನವರು ಎದ್ದು ಬಟ್ಟೆ ತೆಗೆದರು. ಪೇಟೆಯ ಬ್ರೆಡ್ಡು, ಒಣಗಿ ತೌಡಿನ ಹಾಗಿತ್ತು. ಅವ್ವ ಎರಡು ಕೈಯಲ್ಲಿ ಹಿಡಿದು ತಿಂದಳು. ಆಮೇಲೆ ಹೊರಗೆ ಬಂದು, “ಇದನ್ನೇನು ತಿಂತಾರೋ ಪ್ಯಾಟಿಯೋರು, ಮುಂದಿನ ತಿಂಗಳ ನಾನ ಸುಡ್ತೀನಿ,” ಅಂದಳು.

ಮನೆಗೆ ಬಂದು ನಾವು ಅಪ್ಪಿಕೊಳ್ಳಲಿಲ್ಲ. ಮಧ್ಯಾಹ್ನವೂ ಮಾತಿಲ್ಲ, ಸಂಜೆಯೂ ಇಲ್ಲ. ಹೊಸ ಸೊಸೆಯರ ಹಾಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡಿದೆವು. ಅಣ್ಣ ಮೆಟ್ಟಿಲಿಗೆ ಹೋಗಲಿಲ್ಲ, ಪಡಸಾಲೆಯಲ್ಲೇ ಕೂತು ಬೀಡಿ ಸೇದಿ ಮನೆಯೆಲ್ಲ ಹೊಗೆ ಮಾಡಿದ. ಅದೂ ಒಂದು ಬದಲಾವಣೆ.

ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಅತ್ತಿಗೆಯ ಸಂಗಡ ಜಗಳ. ತೋಟಕ್ಕೆ ಒಯ್ಯುವ ಬುತ್ತಿಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಎದ್ದು ಬಂದು ಒಂದನ್ನು ಎತ್ತಿ ನೋಡಿದೆ. ಹೊರಸಿನ ಕಡೆ ತಿರುಗಲು ಹೋದ ಮುಖವನ್ನು ಅವಳ ಕಡೆ ತಿರುಗಿಸಿಕೊಂಡೆ.

“ಅತ್ತಿಗಿ, ಇದು ರೊಟ್ಟಿಯೋ, ಮಾಳಿಗಿಗೆ ಹಾಕೋ ಚಪ್ಪಡಿಯೋ?”

“ಬೇಕಾದ್ರ ತಿನ್ನು, ಇಲ್ಲಾಂದ್ರ ನೀ ಬಡಿ. ಬಲಗೈ ನೆಟ್ಟಗೈತಲ್ಲ.”

“ಬಲಗೈ ನೆಟ್ಟಗಿದ್ದದ್ದು ನಿನ್ನ ಪುಣ್ಯ ಅಲ್ಲ. ಇವತ್ತಿನಿಂದ ನಿನ್ನ ಎರಡು ಹೆಣ್ಮಕ್ಳನ್ನ ನನ್ನ ಕ್ವಾಣ್ಯಾಗ ಮಲಗಾಕ ಕಳಿಸು. ಆದ್ರ ಕೇಳಿಸ್ಕ್ಯ, ಆ ಅಗಳಿ ಹಾಕಾಕಿ ನಾನ, ತೆಗ್ಯಾಕಿನೂ ನಾನ.”

“ಹೂಂ, ನಿನ್ನ ಅರಮನಿಗೆ ನೀನ ಕಾವಲಿರು. ಸಣ್ಣಾಕಿ ಒದಿತಾಳ, ಆಮ್ಯಾಲೆ ನನ್ನ ಹತ್ರ ಅಳಬ್ಯಾಡ.”

“ಒದ್ದರ ನಾನೂ ಒದಿತೀನಿ.”

ಹಂಚು ಬಡಿದಳು, ನಾನು ಕೊಡ ಬಡಿದೆ. ಮಕ್ಕಳು ಎದ್ದು ಕಣ್ಣುಜ್ಜಿಕೊಳ್ಳುತ್ತಾ ನಮ್ಮಿಬ್ಬರನ್ನೂ ಮಿಕಿಮಿಕಿ ನೋಡಿದವು. ಪಕ್ಕದ ಮನೆಯವಳು ಗೋಡೆಯ ಮೇಲಿನಿಂದ ತಲೆ ಹಾಕಿ, ಏನಾತು ಇವತ್ತು ನಿಮ್ಮ ಮನಿಗೆ ಅಂದಳು. ಹೂವಿನ ಬುಟ್ಟಿ ಹೊತ್ತು ಕತ್ತಲಲ್ಲಿ ತೋಟದ ದಾರಿ ಹಿಡಿದಾಗಲೂ ಅವಳು ಹಿಂದಿನಿಂದ ಅನ್ನುತ್ತಲೇ ಇದ್ದಳು, ನಾನು ಮುಂದಿನಿಂದ ಅನ್ನುತ್ತಲೇ ಇದ್ದೆ. ಹೊರಡುವ ಮುಂಚೆ ಒಮ್ಮೆ ನಡುಮನೆಗೆ ಇಣುಕಿದ್ದೆ. ಅಷ್ಟು ಗದ್ದಲದಲ್ಲಿ ಅವ್ವ ಗೋಡೆಯ ಕಡೆ ಹೊರಳಿ, ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಿದ್ದಳು.